ಪದವಿ ಸಿಕ್ಕಿತು, ಸಮಯ ಸಿಕ್ಕಿತೇ?

ಮದುವೆಯ ಪ್ರಸ್ತಾಪಗಳಲ್ಲಿ ಇತ್ತೀಚೆಗೆ ಹೊಸದೊಂದು ಅರ್ಹತೆ ಸೇರಿಕೊಂಡಿದೆ. ಹುಡುಗಿ ಬಿ.ಇ. ಮಾಡಿರಬೇಕು. ಹತ್ತನೇ ತರಗತಿ ದಾಟಿದ ಹೆಣ್ಣುಮಗಳಿಗೆ ಗಂಡು ಸಿಗುವುದು ಕಷ್ಟ ಎಂದು ಒಂದು ಕಾಲದಲ್ಲಿ ತಲೆಯಾಡಿಸುತ್ತಿದ್ದ ಮನೆಗಳಲ್ಲೇ ಇಂದು ಈ ಮಾತು ಕೇಳಿಬರುತ್ತಿದೆ. ಸಂತೋಷ. ಆದರೆ ಹುಡುಗಿ ಬಿ.ಇ. ಮಾಡಿರಬೇಕು ಎಂದು ಬಯಸುವವರು, ಆ ಬಿ.ಇ.ಯಿಂದ ಆಕೆ ಮುಂದೆ ಏನನ್ನಾದರೂ ಮಾಡಬೇಕು ಎಂದೂ ಬಯಸುತ್ತಾರೆಯೇ? ಅಥವಾ ಚಿನ್ನದ ಸೆಟ್ಟಿನ ಪಕ್ಕದಲ್ಲಿ ಪ್ರಮಾಣಪತ್ರವೂ ಒಂದಿರಲಿ ಎಂಬಷ್ಟೇ ಆಸೆಯೇ?

ಉಡುಪಿ, ಕಾಪು ಮತ್ತು ಕಾರ್ಕಳದ ಮುಸ್ಲಿಮ್ ಕುಟುಂಬಗಳು ಈ ಪ್ರಶ್ನೆಯನ್ನು ಇತರರಿಗಿಂತ ಹೆಚ್ಚು ಗಂಭೀರವಾಗಿ ಕೇಳಿಕೊಳ್ಳಬೇಕಾಗಿದೆ. ಏಕೆಂದರೆ ರಾಜ್ಯದ ಎಷ್ಟೋ ಜಿಲ್ಲೆಗಳ ಹೆಣ್ಮಕ್ಕಳು ಊರು ಬಿಟ್ಟು ಅರಸಿಕೊಂಡು ಹೋಗಬೇಕಾದ ಸೌಲಭ್ಯ ಇಲ್ಲಿಯವರ ಮನೆ ಬಾಗಿಲಲ್ಲೇ ಇದೆ. ಮಣಿಪಾಲದಲ್ಲಿ 1957ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಿಂದ ಇದೆ. ಕಾಪು ಸಮೀಪದ ಬಂಟಕಲ್‌ನಲ್ಲೂ ಒಂದಿದೆ. ಕಾಪುವಿನಿಂದಾಗಲಿ ಕಾರ್ಕಳದಿಂದಾಗಲಿ ಬೆಳಗ್ಗೆ ಬಸ್ಸು ಹತ್ತಿದ ಹುಡುಗಿ ಸಂಜೆ ಮಗ್ರಿಬ್‌ಗೆ ಮುಂಚೆ ಮನೆಯಲ್ಲಿರಬಹುದು. ಹಾಸ್ಟೆಲ್‌ನ ಭಯವಿಲ್ಲ, ದೂರದ ಪ್ರಯಾಣದ ಪ್ರಶ್ನೆಯಿಲ್ಲ. ಆದರೂ ಈ ಕಾಲೇಜುಗಳ ತರಗತಿ ಕೋಣೆಗಳವರೆಗೆ ತಲುಪಿದ ಸಮುದಾಯದ ಹೆಣ್ಮಕ್ಕಳು ಅವುಗಳ ಪ್ರಯೋಗಾಲಯಗಳಲ್ಲಿ ಸಂಶೋಧಕಿಯರಾಗಿ ಉಳಿದುಕೊಳ್ಳುವುದು ಅಪರೂಪ. ಅದರಲ್ಲೂ ವಸ್ತು ವಿಜ್ಞಾನ ಮತ್ತು ವಿನ್ಯಾಸ ಎಂಬ ಎರಡು ಕ್ಷೇತ್ರಗಳ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ಇಲ್ಲ. ಮೆಡಿಕಲ್ ಸಿಗದಿದ್ದರೆ ಕಂಪ್ಯೂಟರ್ ಸಯನ್ಸ್, ಅದೂ ಇಲ್ಲದಿದ್ದರೆ ಬಿ.ಎಡ್. ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ.

ವಸ್ತು ವಿಜ್ಞಾನವೆಂದರೆ ಏನೋ ದೊಡ್ಡ ಸಂಗತಿಯೆಂದು ಬೆದರಬೇಕಾಗಿಲ್ಲ. ಯಾವ ವಸ್ತು ಯಾವ ಗುಣದ್ದು, ಎಷ್ಟು ಎಳೆದರೆ ಹರಿಯುತ್ತದೆ, ಎಷ್ಟು ಕಾಯಿಸಿದರೆ ಕರಗುತ್ತದೆ, ನೀರು ತಾಗಿದರೆ ಏನಾಗುತ್ತದೆ, ಅದನ್ನು ಯಾವ ಕೆಲಸಕ್ಕೆ ಒಗ್ಗಿಸಬಹುದು ಎಂದು ಅಳೆದು ನೋಡಿ ಬರೆದಿಡುವ ವಿದ್ಯೆಯದು. ವಿನ್ಯಾಸವೆಂದರೆ ಆ ವಸ್ತುವನ್ನು ಬಳಸುವ ಮನುಷ್ಯನ ದೇಹ ಮತ್ತು ಬದುಕಿಗೆ ತಕ್ಕಂತೆ ರೂಪಿಸುವುದು. ಹೀಗೆ ನೋಡಿದರೆ ಈ ಎರಡೂ ವಿದ್ಯೆಗಳ ಮೊದಲರ್ಧ ನಮ್ಮ ಕರಾವಳಿಯ ಹೆಂಗಸರ ಕೈಯಲ್ಲಿ ಯಾವಾಗಲೂ ಇತ್ತು, ಈಗಲೂ ಇದೆ.

ಶಂಕರಪುರದ ಮಲ್ಲಿಗೆಯನ್ನೇ ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇದನ್ನು ಕಟ್ಟುವುದು ಹತ್ತಿಯ ನೂಲಿನಿಂದಲ್ಲ, ಬಾಳೆಯ ನಾರಿನಿಂದ. ಯಾವ ನಾರು ಹೂವಿನ ತೊಟ್ಟನ್ನು ಕತ್ತರಿಸದೆ ಹಿಡಿಯುತ್ತದೆ, ಎಷ್ಟು ಒದ್ದೆಯಾಗಿದ್ದರೆ ಬಾಗುತ್ತದೆ, ಎಷ್ಟು ಒಣಗಿದರೆ ಮುರಿಯುತ್ತದೆ ಎಂಬುದು ಆ ಊರಿನ ಹೆಂಗಸರ ಬೆರಳಿಗೆ ಗೊತ್ತು. ಬೀಡಿ ಸುರುಟುವ ನಮ್ಮ ತಾಯಂದಿರ ವಿಷಯವೂ ಹಾಗೆಯೇ. ಎಲೆಯನ್ನು ಎಷ್ಟು ಹೊತ್ತು ನೀರಲ್ಲಿ ನೆನೆಸಬೇಕು, ಒದ್ದೆ ಬಟ್ಟೆಯಲ್ಲಿ ಎಷ್ಟು ಹೊತ್ತು ಸುತ್ತಿಡಬೇಕು, ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಏನು ವ್ಯತ್ಯಾಸ ಎಂಬುದನ್ನು ಯಾವ ಪುಸ್ತಕವೂ ಅವರಿಗೆ ಕಲಿಸಿಲ್ಲ. ಮುಂಡುಗದ ಓಲೆಯ ಮುಳ್ಳು ತೆಗೆದು, ಒಣಗಿಸಿ, ಸೀಳಿ ಚಾಪೆ ಹೆಣೆಯುತ್ತಿದ್ದವರೂ ಹೆಂಗಸರೇ. ಮಗ್ಗದ ಮುಂದೆ ಕುಳಿತವನನ್ನು ನೇಕಾರ ಎಂದು ಕರೆದೆವು. ಅವನಿಗಾಗಿ ನೂಲು ಸುತ್ತಿ, ಗಂಜಿ ಹಾಕಿ, ಹಾಸು ಸಿದ್ಧಪಡಿಸಿದ ಮನೆಯ ಹೆಣ್ಣಿಗೆ ಹೆಸರೇ ಇಡಲಿಲ್ಲ.

ಬಾಳೆ ನಾರಿನ ಸ್ವಾರಸ್ಯವೆಂದರೆ, ಹೂ ಕಟ್ಟುವ ಅಂಗಳದಿಂದ ಕೆಲವೇ ಕಿಲೋಮೀಟರ್ ದೂರದ ಪ್ರಯೋಗಾಲಯಗಳಿಗೂ ಅದು ಹೊಸದಲ್ಲ. ಬಾಳೆ, ತೆಂಗು, ಅಡಿಕೆ ಸಿಪ್ಪೆಯ ನಾರುಗಳನ್ನು ರಾಳದಲ್ಲಿ ಬೆರೆಸಿ ಹಗುರವಾದ ಹಲಗೆಗಳನ್ನು ತಯಾರಿಸುವ ಪ್ರಯೋಗಗಳು ಕರಾವಳಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುತ್ತಲೇ ಇವೆ. ನಾರಿನ ಮೇಲಿನ ಮೇಣ ಮತ್ತು ಅಂಟಿನ ಅಂಶ ಹೋಗದೆ ರಾಳ ಅದಕ್ಕೆ ಹಿಡಿಯುವುದಿಲ್ಲ. ಅದಕ್ಕಾಗಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದಿ ತೊಳೆದು ಒಣಗಿಸುತ್ತಾರೆ. ಆಮೇಲೆ ಯಂತ್ರಕ್ಕೆ ಸಿಕ್ಕಿಸಿ, ಎಷ್ಟು ಭಾರಕ್ಕೆ ಹರಿಯುತ್ತದೆಂದು ಎಳೆದು ನೋಡುತ್ತಾರೆ. ಒಂದು ಕಡೆ ನಾರಿನ ಗುಣ ಬಲ್ಲ, ಆದರೆ ಅಕ್ಷರದಲ್ಲಿ ಬರೆಯದ ತಾಯಿ. ಇನ್ನೊಂದು ಕಡೆ ಅಕ್ಷರದಲ್ಲಿ ಬರೆಯುವ, ಆದರೆ ಹೂ ಕಟ್ಟಿ ಗೊತ್ತಿಲ್ಲದ ಸಂಶೋಧಕ. ಇವರಿಬ್ಬರ ನಡುವೆ ನಿಂತು ಮಾತಾಡಬಲ್ಲವಳು ಆ ತಾಯಿಯ ಮಗಳೊಬ್ಬಳೇ. ಅವಳನ್ನು ಬಿ.ಇ. ಮುಗಿದ ಮರುತಿಂಗಳೇ ವಿಮಾನ ಹತ್ತಿಸಿ ಶಾರ್ಜಾದ ಫ್ಲಾಟಿಗೆ ಕಳುಹಿಸಲಾಗುತ್ತದೆ.

ಕಾರ್ಕಳದಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರ ಸಿದ್ಧವಾಗಿದೆ. ಉಡುಪಿ ಸೀರೆ ಎಂಬ ಹತ್ತಿಯ ಕೈಮಗ್ಗದ ಸೀರೆ ಒಂದು ಕಾಲದಲ್ಲಿ ಈ ಕಡೆಯ ಎಲ್ಲ ಧರ್ಮದವರ ಮನೆಗಳ ನಿತ್ಯದ ಉಡುಗೆಯಾಗಿತ್ತು. ನಮ್ಮ ಅಜ್ಜಿಯಂದಿರೂ ಉಟ್ಟವರೇ. ಗಿರಣಿಯ ಬಟ್ಟೆ ಮತ್ತು ಪಾಲಿಯೆಸ್ಟರ್ ಬಂದ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ಉಳಿದವರೆಂದರೆ ಬೆರಳೆಣಿಕೆಯ ವಯಸ್ಸಾದ ನೇಕಾರರು. ಆಗ ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದೊಂದಿಗೆ ಕೈಜೋಡಿಸಿತು. ಟ್ರಸ್ಟಿನ ಮಮತಾ ರೈಯವರ ಮುಂದಾಳುತನದಲ್ಲಿ ಹೊಸಬರಿಗೆ ನೇಯ್ಗೆಯ ತರಬೇತಿ ಕೊಡಲಾಯಿತು. ರಾಸಾಯನಿಕ ಬಣ್ಣದ ಬದಲು ಅಡಿಕೆಯ ಚೊಗರಿನಂತಹ ಊರಿನದೇ ಬಣ್ಣಗಳನ್ನು ನೂಲಿಗೆ ಹಿಡಿಸುವ ಪ್ರಯೋಗಗಳು ನಡೆದವು. ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿರುವ ಆ ಸೀರೆಗೆ ಮತ್ತೆ ಬೇಡಿಕೆ ಬಂದಿದೆ. ಇದನ್ನು ಕೇವಲ ಸಮಾಜಸೇವೆ ಎಂದು ಹೇಳಿ ಕೈತೊಳೆದುಕೊಳ್ಳಬಾರದು. ಅಡಿಕೆಯ ಚೊಗರು ಹತ್ತಿಗೆ ಹತ್ತುವುದು ಹೇಗೆ, ಒಗೆದರೂ ಬಿಡದಂತೆ ನಿಲ್ಲಿಸುವುದು ಹೇಗೆ, ಒಂದು ಬಾರಿ ಬಂದ ಬಣ್ಣ ಮುಂದಿನ ಬಾರಿಯೂ ಅದೇ ಆಗಿ ಬರುವುದು ಹೇಗೆ ಎಂಬುದು ಪಕ್ಕಾ ವಸ್ತು ವಿಜ್ಞಾನದ ಪ್ರಶ್ನೆ. ಅದನ್ನು ಮುಂದೆ ನಿಂತು ಎತ್ತಿಕೊಂಡವರು ಒಬ್ಬ ಮಹಿಳೆ.

ಬಣ್ಣದ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಜಗತ್ತಿನ ಪೊಲೀಸರೂ ಸೈನಿಕರೂ ತೊಡುವ ಖಾಕಿಯ ಬಣ್ಣವನ್ನು ಬಟ್ಟೆಗೆ ಹಿಡಿಸಿದ್ದು ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ, 1851ರಲ್ಲಿ ಇಲ್ಲಿಗೆ ಬಂದ ಹಾಲರ್ ಎಂಬ ಜರ್ಮನ್ ನೇಕಾರ ಎಂದು ಆ ಮಿಶನ್ನಿನ ಇತಿಹಾಸ ಹೇಳುತ್ತದೆ. ಹಾಲರ್‌ನ ಹೆಸರು ಉಳಿಯಿತು. ಮಿಶನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳಲ್ಲಿ ದುಡಿದ ನೂರಾರು ಹೆಂಗಸರ ಹೆಸರು ಯಾರಿಗೂ ಗೊತ್ತಿಲ್ಲ.

ಹೆಸರು ಉಳಿಯಬೇಕಾದರೆ ಏನು ಬೇಕು? ಪ್ರತಿಭೆ ಬೇಕು ಎನ್ನುತ್ತೇವೆ. ಪ್ರತಿಭೆಗಿಂತ ಮೊದಲು ಸಮಯ ಬೇಕು. 19ನೇ ಶತಮಾನದ ಜರ್ಮನಿಯಲ್ಲಿ ಆಗ್ನೆಸ್ ಪಾಕೆಲ್ಸ್ ಎಂಬ ಹೆಣ್ಣುಮಗಳಿದ್ದಳು. ಅಂದಿನ ವಿಶ್ವವಿದ್ಯಾನಿಲಯಗಳು ಹೆಣ್ಣಿಗೆ ಬಾಗಿಲು ತೆರೆದಿರಲಿಲ್ಲ. ಕಾಯಿಲೆಯ ತಂದೆ ತಾಯಿಯನ್ನು ನೋಡಿಕೊಳ್ಳುತ್ತಾ, ಪಾತ್ರೆ ತೊಳೆಯುತ್ತಾ, ನೀರಿನ ಮೇಲೆ ಎಣ್ಣೆ ಮತ್ತು ಸಾಬೂನು ಹರಡುವ ರೀತಿಯನ್ನು ಆಕೆ ಗಮನಿಸಿದಳು. ಅಡುಗೆ ಮನೆಯಲ್ಲೇ ಒಂದು ತಗಡಿನ ತೊಟ್ಟಿ ಮಾಡಿಕೊಂಡು ಸುಮಾರು ಹತ್ತು ವರ್ಷ ಅಳೆಯುತ್ತಾ ಹೋದಳು. 1891ರಲ್ಲಿ ಆಕೆ ಬರೆದ ಪತ್ರವನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ನೇಚರ್ ಪತ್ರಿಕೆಗೆ ಕಳುಹಿಸಿಕೊಟ್ಟರು, ಅದು ಪ್ರಕಟವಾಯಿತು. ಆಕೆಯ ತೊಟ್ಟಿಯನ್ನೇ ಸುಧಾರಿಸಿ ಅದೇ ದಾರಿಯಲ್ಲಿ ಮುಂದುವರಿದ ಲ್ಯಾಂಗ್ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ಆಕೆಗೆ ಬರಲಿಲ್ಲ.

ನಮ್ಮದೇ ಬೆಂಗಳೂರಿನ ಉದಾಹರಣೆ ಇನ್ನೂ ನೋವಿನದು. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅನ್ನಾ ಮಾಣಿ, ಸಿ.ವಿ. ರಾಮನ್‌ರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಮೇಲೆ ಬೆಳಕು ಬಿದ್ದಾಗ ಆಗುವ ಬದಲಾವಣೆಯನ್ನು ಅಭ್ಯಸಿಸಿದರು. ಒಂದು ಚಿತ್ರ ಫಲಕದ ಮೇಲೆ ಮೂಡಬೇಕಾದರೆ 15ರಿಂದ 20 ಗಂಟೆ ಬೆಳಕಿಗೆ ಒಡ್ಡಿಡಬೇಕಿತ್ತು. ರಾತ್ರಿಯೆಲ್ಲ ಕಾಯುತ್ತಿದ್ದರು. ಐದು ಲೇಖನಗಳನ್ನು ಪ್ರಕಟಿಸಿದರು. 1945ರಲ್ಲಿ ಪ್ರಬಂಧ ಒಪ್ಪಿಸಿದಾಗ, ಎಂ.ಎಸ್ಸಿ. ಇಲ್ಲವೆಂಬ ಕಾರಣ ನೀಡಿ ಮದ್ರಾಸ್ ವಿಶ್ವವಿದ್ಯಾನಿಲಯ ಡಾಕ್ಟರೇಟ್ ನಿರಾಕರಿಸಿತು. ಆದರೂ ಅವರು ಕುಗ್ಗಲಿಲ್ಲ. ಹವಾಮಾನ ಇಲಾಖೆ ಸೇರಿ, ಗಾಳಿ ಬಿಸಿಲು ಅಳೆಯುವ ಉಪಕರಣಗಳನ್ನು ಈ ದೇಶದಲ್ಲೇ ತಯಾರಾಗುವಂತೆ ಮಾಡಿದರು. ಇಂದು ಅದೇ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ, ಕಾಶ್ಮೀರದ ಚೆನಾಬ್ ನದಿಯ ಮೇಲಿನ 359 ಮೀಟರ್ ಎತ್ತರದ ರೈಲು ಸೇತುವೆಗೆ ಬಂಡೆಯ ಗುಣ ಪರೀಕ್ಷಿಸಿ ಸಲಹೆ ನೀಡುತ್ತಾ 17 ವರ್ಷ ಕಳೆದವರು. ಸೇತುವೆ ಉದ್ಘಾಟನೆಯಾದದ್ದು 2025ರ ಜೂನ್ 6ರಂದು. ಹತ್ತು ವರ್ಷ, ಐದು ವರ್ಷ, 17 ವರ್ಷ. ಗಮನಿಸಬೇಕಾದದ್ದು ಈ ಲೆಕ್ಕವನ್ನು.

ನಮ್ಮ ಸಭೆಗಳಲ್ಲಿ ವಿಜ್ಞಾನದ ವಿಷಯ ಬಂದೊಡನೆ ಭಾಷಣಕಾರರು ಹತ್ತನೇ ಶತಮಾನಕ್ಕೆ ಹಾರುತ್ತಾರೆ. ನಕ್ಷತ್ರಗಳ ಸ್ಥಾನ ಅಳೆಯುವ ಆಸ್ಟ್ರೋಲೇಬ್ ಎಂಬ ಲೋಹದ ಉಪಕರಣವನ್ನು ಅಲೆಪ್ಪೋದಲ್ಲಿ ತಯಾರಿಸುತ್ತಿದ್ದ ಮರ್ಯಮ್ ಎಂಬ ಮಹಿಳೆಯ ಕಥೆ ಹೇಳುತ್ತಾರೆ. ಹೇಳಲಿ. ಆದರೆ ಇಬ್ನುನ್ನದೀಮ್‌ರ ಹಳೆಯ ಗ್ರಂಥಸೂಚಿಯಲ್ಲಿ ಆ ಹೆಸರೇ ಇಲ್ಲ. ಇಜ್ಲಿಯ ಮಗಳು, ಸೈಫುದ್ದೌಲನ ಆಶ್ರಯದಲ್ಲಿದ್ದವಳು ಎಂಬಷ್ಟೇ ಇದೆ. ಮರ್ಯಮ್ ಎಂಬುದು ನಂತರದವರು ಇಟ್ಟ ಹೆಸರು. ಆ ಸಾಧಕಿಯ ಸ್ವಂತ ಹೆಸರು ಕೂಡಾ ನಮ್ಮ ಬಳಿ ಉಳಿದಿಲ್ಲವೆಂಬುದು ಹೆಮ್ಮೆ ಪಡಬೇಕಾದ ವಿಷಯವೇ?

ಮಾದರಿ ಬೇಕಿದ್ದರೆ ಹತ್ತನೇ ಶತಮಾನದವರೆಗೂ ಹೋಗಬೇಕಾಗಿಲ್ಲ. ಪ್ರವಾದಿ(ಸ)ರ ಪತ್ನಿ ಝೈನಬ್ ಬಿಂತ್ ಜಹ್ಶ್(ರ) ಚರ್ಮ ಹದ ಮಾಡಿ, ಹೊಲಿದು, ಆ ದುಡಿಮೆಯ ಹಣವನ್ನು ದಾನ ಮಾಡುತ್ತಿದ್ದರೆಂದು ಆಯಿಷಾ(ರ) ವರದಿ ಮಾಡಿದ್ದಾರೆ. ಚರ್ಮ ಹದ ಮಾಡುವುದೆಂದರೇನು? ಕೊಳೆಯುವ ವಸ್ತುವನ್ನು ಕೊಳೆಯದಂತೆ ಮಾರ್ಪಡಿಸುವುದು. ಪ್ರವಾದಿಯ ಮನೆಯಲ್ಲೇ ನಡೆಯುತ್ತಿದ್ದ ಈ ಕೆಲಸವನ್ನು ಇಂದಿನ ಭಾಷೆಯಲ್ಲಿ ಏನೆಂದು ಕರೆಯಬೇಕೆಂದು ಓದುಗರೇ ಹೇಳಲಿ. ಪವಿತ್ರ ಕುರ್‌ಆನ್‌ನಲ್ಲಿ ಕಬ್ಬಿಣದ ಹೆಸರಿನಲ್ಲೇ ಒಂದು ಅಧ್ಯಾಯವಿದೆ. ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿ ಕೊಟ್ಟು, ಅಳತೆಗೆ ತಕ್ಕಂತೆ ಉಂಗುರ ಜೋಡಿಸಿ ಕವಚ ಮಾಡಲು ಆದೇಶಿಸಿದ ಪ್ರಸ್ತಾಪ ಸಬಅ್ ಅಧ್ಯಾಯದಲ್ಲಿದೆ. ಲೋಹವೂ ಅಳತೆಯೂ ಅಲ್ಲಾಹನ ಅನುಗ್ರಹವೆಂದು ಓದುವ ಸಮುದಾಯ, ಮಗಳು ಮೆಟಲರ್ಜಿ ಓದುತ್ತೇನೆ ಎಂದಾಗ ಮುಖ ಮುಖ ನೋಡಿಕೊಳ್ಳುವುದೇಕೆ?

ಹಾಗಂತ ತಪ್ಪೆಲ್ಲ ಮನೆಯೊಳಗಿದೆ ಎಂದು ಯಾರಾದರೂ ಹೇಳಿದರೆ ಅದನ್ನು ನಾವು ಒಪ್ಪುವುದಿಲ್ಲ. ಹೆಣ್ಮಕ್ಕಳ ಸಮಯವನ್ನು ಕಸಿದದ್ದರಲ್ಲಿ ಪ್ರಭುತ್ವದ ಪಾಲು ದೊಡ್ಡದಿದೆ. 2021ರ ಡಿಸೆಂಬರ್ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ತಲೆವಸ್ತ್ರದ ಹೆಸರಲ್ಲಿ ತರಗತಿಯಿಂದ ಹೊರಗುಳಿದ ವಿದ್ಯಾರ್ಥಿನಿಯರನ್ನು ಈ ರಾಜ್ಯ ಮರೆತಿಲ್ಲ. 2022ರ ಫೆಬ್ರವರಿ 5ರಂದು ಸರಕಾರಿ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಾಲಯದ ಕ್ಯಾಲೆಂಡರಿನಲ್ಲಿ ಇವು ಬರೀ ದಿನಾಂಕಗಳು. ಪಿಯುಸಿ ವಿಜ್ಞಾನ ಓದುವ ಹುಡುಗಿಗೆ ಆ ತಿಂಗಳುಗಳೆಂದರೆ ಪ್ರಯೋಗ ಪರೀಕ್ಷೆ, ಮುಖ್ಯ ಪರೀಕ್ಷೆ, ಸಿಇಟಿ. ಒಂದು ವರ್ಷ ಜಾರಿದರೆ ಜೊತೆಯವರು ಮುಂದೆ ಹೋಗಿಯಾಗಿರುತ್ತದೆ. ಅದೇ ಮಾರ್ಚ್ ತಿಂಗಳಲ್ಲೇ ರಾಯಚೂರಿನ ಬುಶ್ರಾ ಮತೀನ್ ಸಿವಿಲ್ ಇಂಜಿನಿಯರಿಂಗ್‌ನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ 16 ಚಿನ್ನದ ಪದಕ ಪಡೆದು ನಿಂತಿದ್ದರು. ತಲೆಯ ಮೇಲಿನ ಬಟ್ಟೆ ತಲೆಯೊಳಗಿನ ವಿಚಾರಕ್ಕೆ ಅಡ್ಡಿಯೆಂದು ವಾದಿಸುತ್ತಿದ್ದವರಿಗೆ ಅದಕ್ಕಿಂತ ನೇರ ಉತ್ತರ ಬೇಕಿರಲಿಲ್ಲ.

ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಅದರ ಸದ್ದು ಟಿವಿಯಲ್ಲಿ ಕೇಳಲಿಲ್ಲ. ಅಲ್ಪಸಂಖ್ಯಾತ ಸಮುದಾಯದ ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಬೇರೆ ಫೆಲೋಶಿಪ್‌ಗಳಿವೆ, ಇದು ಅವುಗಳ ಪುನರಾವರ್ತನೆ ಎಂಬುದು ಕೊಟ್ಟ ಕಾರಣ. ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನೂ ಅದೇ ವರ್ಷ ನಿಲ್ಲಿಸಲಾಯಿತು. ಅಂದರೆ ಏಣಿಯ ಕೆಳಗಿನ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ಒಟ್ಟಿಗೇ ಕಿತ್ತಂತಾಯಿತು. ಬೇಟಿ ಪಢಾವೋ ಎಂಬ ಘೋಷಣೆಯ ಜೊತೆ ಇದನ್ನು ಇಟ್ಟು ನೋಡಬೇಕು. ರಾಜ್ಯದ ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ಮಸೀದಿಯ ಕಾಂಪೌಂಡಿಗೆ ಅನುದಾನ ಬೇಡಿಕೊಳ್ಳುವ ನಮ್ಮ ಮುಖಂಡರು, ಈ ಫೆಲೋಶಿಪ್‌ಗೆ ಬದಲಾಗಿ ರಾಜ್ಯ ಏನು ಕೊಡುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ?

ಈಗ ಮನೆಯ ವಿಷಯಕ್ಕೆ ಬರೋಣ. ಹುಡುಗಿಗೆ 21 ಆಯಿತು, 22 ಆಯಿತು ಎಂಬ ಆತಂಕ ನಮ್ಮ ತಾಯಂದಿರನ್ನು ಕಾಡುವುದು ಸುಳ್ಳಲ್ಲ. ಅವರನ್ನು ಗೇಲಿ ಮಾಡುವವರ ಸಾಲಿನಲ್ಲಿ ನಾವಿಲ್ಲ. ಆದರೆ ಬಿ.ಇ. ಮುಗಿಯುವುದೇ 22ಕ್ಕೆ. ಎಂ.ಟೆಕ್.ಗೆ ಎರಡು ವರ್ಷ, ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ. ಮದುವೆಯೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಮದುವೆಯಾದೊಡನೆ ಓದು ಮುಗಿಯಿತು ಎಂಬ ಅಲಿಖಿತ ಕಾನೂನನ್ನು ಬರೆದವರಾರು ಎಂಬುದಷ್ಟೇ ಪ್ರಶ್ನೆ. ಶರೀಅತ್‌ ಅಂತೂ ಬರೆದಿಲ್ಲ. ಈಡೇರಿಸಲು ಅತ್ಯಂತ ಅರ್ಹವಾದ ಶರತ್ತುಗಳು ವಿವಾಹದ ಶರತ್ತುಗಳೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಿಶ್ಚಿತಾರ್ಥದ ದಿನ ಹಾಲ್ ಯಾವುದು, ಊಟಕ್ಕೆ ಎಷ್ಟು ಜನ ಎಂದು ಗಂಟೆಗಟ್ಟಲೆ ಮಾತಾಡುವ ಹಿರಿಯರು, ಹುಡುಗಿಯ ಎಂ.ಟೆಕ್. ಮುಂದುವರಿಯುತ್ತದೆ ಎಂಬ ಒಂದು ಸಾಲನ್ನು ಇಬ್ಬರು ಸಾಕ್ಷಿಗಳ ಮುಂದೆ ಮಾತಾಡಿ ಮುಗಿಸಿದರೆ ಯಾರ ಘನತೆಗೂ ಕುಂದಿಲ್ಲ. ಮಗು ಹುಟ್ಟಿದ ಮೇಲೆ ಬಿಟ್ಟುಹೋದ ಓದಿಗೆ ಮರಳುವವರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲೇ ಮಹಿಳಾ ವಿಜ್ಞಾನಿ ಯೋಜನೆ ಆರಂಭಿಸಿತ್ತು. ಈಗ ಅದು ವೈಸ್-ಕಿರಣ್ ಎಂಬ ಹೆಸರಿನಡಿ ಇದೆ. ವಸ್ತುಗಳ ಸಂಶೋಧನೆಗೆ ಕುಲುಮೆಯ ಮುಂದೆಯೇ ನಿಲ್ಲಬೇಕೆಂದೂ ಇಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಶೋಭನಾ ನರಸಿಂಹನ್ ಅತಿಸೂಕ್ಷ್ಮ ವಸ್ತುಗಳ ಗುಣವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ವಿಜ್ಞಾನಿ. ಕಂಪ್ಯೂಟರ್ ಸಯನ್ಸೇ ಬೇಕು ಎನ್ನುವವರಿಗೂ ಇಲ್ಲಿ ಜಾಗವಿದೆ.

ಈ ಸಂಶೋಧನೆಯಿಂದ ನಮಗೇನು ಪ್ರಯೋಜನ ಎಂದು ಕೇಳುವವರಿಗೆ, ದೂರದ ಉತ್ತರ ಬೇಡ, ಮೈಮೇಲಿನ ಬುರ್ಖಾವನ್ನೇ ತೋರಿಸಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ನಿಂತ ನಮ್ಮ ಸೋದರಿಯರು ತೊಡುವುದು ಏನನ್ನು? ಬಹುಪಾಲು ಪಾಲಿಯೆಸ್ಟರ್. ಸಾಮಾನ್ಯ ಹವೆಯಲ್ಲಿ ಹತ್ತಿಯ ಬಟ್ಟೆ ತನ್ನ ತೂಕದ ಸುಮಾರು 8 ಶೇಕಡಾದಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಶೇಕಡಾವನ್ನೂ ಹಿಡಿಯುವುದಿಲ್ಲ. ಕರಾವಳಿಯ ಬೆವರಿಗೆ ಅದು ಹೇಳಿದ ಬಟ್ಟೆಯಲ್ಲ. ಕೊಲ್ಲಿಯ ಎಸಿ ಕಾರು, ಎಸಿ ಮಾಲ್‌ಗಳ ಬದುಕಿಗೆ ಹೊಂದಿದ ಉಡುಪನ್ನು ಹಾಗೆಯೇ ತಂದು ಕಾಪುವಿನ ಸೆಕೆಗೆ ತೊಡಿಸಲಾಗಿದೆ. ಹತ್ತಿಯಾದರೆ ಬಣ್ಣ ಮಾಸುತ್ತದೆ, ಮುದುಡುತ್ತದೆ, ಇಸ್ತ್ರಿಗೆ ಹೊತ್ತು ಬೇಕು ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಹಾಗಾದರೆ ಎರಡರ ಗುಣವೂ ಇರುವ, ಹೊಳೆಯದ, ಪಾರದರ್ಶಕವಲ್ಲದ, ಬೆವರು ಆರುವ ಬಟ್ಟೆ ಯಾವುದು? ಇದು ಪ್ರಯೋಗಾಲಯದ ಪ್ರಶ್ನೆ. ದಿನವೂ ಅದನ್ನು ತೊಡುವವಳು ಕೇಳದೆ ಇನ್ನಾರು ಕೇಳಬೇಕು? ಮೈಮುಚ್ಚುವ ಉಡುಪು ತಪ್ಪೋ ಸರಿಯೋ ಎಂದು ಟಿವಿಯ ಮುಂದೆ ಗಂಡಸರು ಗಂಟಲು ಹರಿದುಕೊಳ್ಳುತ್ತಿದ್ದಾರೆ. ಬಟ್ಟೆ ಯಾವುದು ಎಂದು ಅವರಲ್ಲಿ ಒಬ್ಬರೂ ಕೇಳಿಲ್ಲ!

ಕೇಳಿದವರೂ ಇದ್ದಾರೆ. ಲೆಬನಾನ್ ಮೂಲದ ಆಹಿದಾ ಝನೆಟ್ಟಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನೆಲೆಸಿರುವವರು. ಹಿಜಾಬ್ ತೊಟ್ಟು ನೆಟ್‌ಬಾಲ್ ಆಡಲು ಕಷ್ಟಪಡುತ್ತಿದ್ದ ಸಂಬಂಧಿಕ ಹುಡುಗಿಯನ್ನು ಕಂಡು ಮೊದಲು ಆಟದ ಹಿಜಾಬನ್ನೂ 2004ರಲ್ಲಿ ಬುರ್ಕಿನಿ ಎಂಬ ಈಜುಡುಪನ್ನೂ ಆಕೆ ವಿನ್ಯಾಸ ಮಾಡಿದರು. ನೀರು ಹೀರಿ ಭಾರವಾಗದ, ಮೈಗಂಟದ ಬಟ್ಟೆಯ ಆಯ್ಕೆಯೇ ಅದರ ಜೀವಾಳ. 2017ರಲ್ಲಿ ನೈಕಿ ಕಂಪೆನಿಯೂ ಆಟಗಾರ್ತಿಯರ ಹಿಜಾಬನ್ನು ಮಾರುಕಟ್ಟೆಗೆ ತಂದಿತು. ಕಡಲಿರುವುದು ಕಾಪುವಿನಲ್ಲೂ ಮಲ್ಪೆಯಲ್ಲೂ. ಈಜು ಕಲಿಯದ ಹೆಣ್ಮಕ್ಕಳಿರುವುದೂ ಇಲ್ಲೇ. ಇನ್ನು ಪ್ರಯೋಗಾಲಯದೊಳಗಿನ ಸಂಗತಿ: ಬೆಂಕಿ, ಆ್ಯಸಿಡ್, ತಿರುಗುವ ಯಂತ್ರಗಳ ಬಳಿ ಸಡಿಲವಾದ ಸಿಂಥೆಟಿಕ್ ಶಾಲು ಅಪಾಯಕಾರಿ, ಏಕೆಂದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಗಿಯಾದ, ಕೋಟಿನೊಳಗೆ ಅಂಚು ಸೇರಿಸಬಹುದಾದ ಹತ್ತಿಯ ತಲೆವಸ್ತ್ರ ತೊಟ್ಟರೆ ತೊಡಕಿಲ್ಲ. ಕಾಲೇಜಿನವರು ಸುರಕ್ಷತೆಯ ಹೆಸರಲ್ಲಿ ಬೇಡವೆನ್ನುವ ಮೊದಲೇ ನಮ್ಮ ಹುಡುಗಿಯೊಬ್ಬಳು ಅದರ ವಿನ್ಯಾಸ ಮಾಡಿ ಮುಂದಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ಹಾರುಬೂದಿಯ ಬಗ್ಗೆ, ಮಲ್ಲಿಗೆ ಗಿಡಗಳ ಬಗ್ಗೆ ಸುತ್ತಲಿನ ಹಳ್ಳಿಗಳವರು ವರ್ಷಗಟ್ಟಲೆ ದೂರಿದ್ದಾರೆ, ಧರಣಿ ಕೂತಿದ್ದಾರೆ. ಅದೇ ಬೂದಿಯನ್ನು ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬೆರೆಸಬಹುದು, ಇಟ್ಟಿಗೆ ಮಾಡಬಹುದು. ಎಷ್ಟು ಬೆರೆಸಿದರೆ ಗಟ್ಟಿ, ಎಷ್ಟಾದರೆ ಸಡಿಲ ಎಂದು ನೋಡಲು ಕಾಂಕ್ರೀಟಿನ ಘನವನ್ನು ಎರಕ ಹೊಯ್ದು, ನೀರಿನಲ್ಲಿ ಮುಳುಗಿಸಿಟ್ಟು, 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. 28 ದಿನಕ್ಕಿಂತ ಮೊದಲೇ ಅವಸರ ಮಾಡಿದರೆ ಸಿಗುವ ಸಂಖ್ಯೆಗೆ ಅಂತಿಮ ಬೆಲೆಯಿಲ್ಲ. ಹಾರುಬೂದಿ ಬೆರೆಸಿದ ಕಾಂಕ್ರೀಟು ಇನ್ನೂ ನಿಧಾನ, 56, 90 ದಿನಗಳವರೆಗೂ ಅದರ ಬಲ ಏರುತ್ತಾ ಹೋಗುತ್ತದೆ. ಮನೆ ಕಟ್ಟುವ ಯಜಮಾನರಿಗೆ ಇದು ಚೆನ್ನಾಗಿ ಗೊತ್ತು. ಸ್ಲ್ಯಾಬಿಗೆ ನೀರು ಹೊಯ್ಯಲು ಮರೆತ ಮೇಸ್ತ್ರಿಯನ್ನು ಅವರು ಸುಮ್ಮನೆ ಬಿಡುವುದಿಲ್ಲ.

ಹಣದ ಕುರಿತೂ ತಪ್ಪು ಕಲ್ಪನೆಯಿದೆ. ಸಂಶೋಧನೆಯೆಂದರೆ ಮತ್ತಷ್ಟು ಫೀಸು ಕಟ್ಟುವುದೆಂದು ತಂದೆಯರು ಭಾವಿಸಿದ್ದಾರೆ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಮಾನ್ಯತೆಯ ಕಾಲೇಜಿನಲ್ಲಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿಯ ಕೇಂದ್ರದ ವಿದ್ಯಾರ್ಥಿವೇತನವಿದೆ. ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಪರಿಷ್ಕರಣೆಯಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಕೊರತೆಯಿರುವುದು ಈ ಪರೀಕ್ಷೆಗಳಿಗೆ ಕೂರುವ ಆರೆಂಟು ತಿಂಗಳ ತಯಾರಿಯ ಅವಧಿಗೆ. ಆಗ ಹುಡುಗಿಗೆ ಸಂಬಳವಿಲ್ಲ, ಕಾಲೇಜಿಲ್ಲ, ಮನೆಗೆ ಪ್ರಸ್ತಾಪಗಳು ಬರತೊಡಗಿರುತ್ತವೆ. ಜಮಾಅತ್‌ಗಳ ಶಿಕ್ಷಣ ನಿಧಿಗಳು ಹತ್ತನೇ ತರಗತಿಯ ಪ್ರತಿಭಾ ಪುರಸ್ಕಾರದಲ್ಲಿ ಟ್ರೋಫಿ, ಶಾಲು ಮತ್ತು ವೇದಿಕೆಗೆ ಖರ್ಚು ಮಾಡುವ ಮೊತ್ತದಲ್ಲಿ ಇಬ್ಬರು ಹೆಣ್ಮಕ್ಕಳ ಈ ಆರೆಂಟು ತಿಂಗಳನ್ನು ಕೊಂಡುಕೊಡಬಹುದು. ಉಡುಪಿ, ಕಾಪು, ಕಾರ್ಕಳದ ಮೂರು ಜಮಾಅತ್‌ಗಳು ಸೇರಿ ವರ್ಷಕ್ಕೆ ಆರು ಮಂದಿಯನ್ನು ಆಯ್ದುಕೊಂಡರೂ ಸಾಕು. ಆಯ್ಕೆ ಸಮಿತಿಯಲ್ಲಿ ಮಣಿಪಾಲದಲ್ಲೋ ನಿಟ್ಟೆಯಲ್ಲೋ ಕಲಿಸುವ ಒಬ್ಬ ಮಹಿಳಾ ಉಪನ್ಯಾಸಕಿಯಾದರೂ ಇರಲಿ.

ಗೇಟ್‌ನ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಕೊಲ್ಲಿಯಿಂದ ರಜೆಯಲ್ಲಿ ಬಂದವರು ಹುಡುಗಿ ನೋಡುವ ತಿಂಗಳುಗಳೂ ಹೆಚ್ಚುಕಡಿಮೆ ಅವೇ. ಈ ವರ್ಷ ಬಿ.ಇ. ಮುಗಿಸಿದ ಮಗಳಿರುವ ಮನೆಯಲ್ಲಿ ಆ ಎರಡು ಫಾರಮುಗಳಲ್ಲಿ ಯಾವುದನ್ನು ಮೊದಲು ತುಂಬುತ್ತಾರೆ ಎಂದು ನೋಡಬೇಕು.